ಕಲ್ಲಿನ ಕಾಲ ಮೇಲೆ ನಡೆದ ನೀರು

ಹಂಪಿಗೆ ಹೋದವರೆಲ್ಲ ಕಲ್ಲಿನ ರಥ ನೋಡುತ್ತಾರೆ. ವಿರೂಪಾಕ್ಷನ ಗೋಪುರದೆದುರು ಕತ್ತೆತ್ತಿ ನಿಲ್ಲುತ್ತಾರೆ. ಉಗ್ರನರಸಿಂಹನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಮಹಾನವಮಿ ದಿಬ್ಬ ಹತ್ತಿ ಇಳಿಯುವ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತದೆ. ಬಸ್ಸಿನ ಹಾರ್ನ್ ಕೇಳುತ್ತಿರುತ್ತದೆ. ದಿಬ್ಬದ ಕೆಳಗಿನ ಬಯಲಿನಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳು, ಅವುಗಳ ನೆತ್ತಿಯ ಮೇಲೆ ಒಂದರ ಮುಂದೊಂದು ಮಲಗಿಸಿದ ಉದ್ದನೆಯ ಕಲ್ಲುಗಳು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ‘ಯಾವುದೋ ಮುರಿದ ಮಂಟಪ ಇರಬೇಕು’ ಎಂದು ಹೇಳಿ ಮಕ್ಕಳನ್ನು ಎಳೆದುಕೊಂಡು ಹೊರಟುಬಿಡುತ್ತಾರೆ.

ಅದು ಮಂಟಪವಲ್ಲ. ಹತ್ತಿರ ಹೋಗಿ ಮೇಲಿನ ಕಲ್ಲುಗಳನ್ನು ನೋಡಿದರೆ ಗುಟ್ಟು ತಿಳಿಯುತ್ತದೆ. ಪ್ರತಿಯೊಂದು ಕಲ್ಲಿನ ಬೆನ್ನನ್ನೂ ಉದ್ದಕ್ಕೆ ದೋಣಿಯಂತೆ ಕೊರೆಯಲಾಗಿದೆ. ಒಂದು ದೋಣಿಯ ಬಾಯಿಗೆ ಇನ್ನೊಂದರ ಬಾಯಿ ಕೂಡಿಸಿ, ನೆಲದಿಂದ ಮೇಲೆ, ಗಾಳಿಯಲ್ಲಿ ಒಂದು ಕಾಲುವೆ ಕಟ್ಟಲಾಗಿದೆ. ಇದು ವಿಜಯನಗರದ ಮೇಲ್ಗಾಲುವೆ. ಮೋಟಾರು ಇಲ್ಲದ, ವಿದ್ಯುತ್ತಿನ ಹೆಸರೇ ಕೇಳದ ಕಾಲದಲ್ಲಿ ಅರಮನೆಯ ಆವರಣಕ್ಕೆ ನೀರು ನಡೆದು ಬಂದ ದಾರಿ.

ಐದು ತಾಲ್ಲೂಕುಗಳ ನೆಂಟಸ್ತಿಕೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಹೊಸಪೇಟೆಯ ಜೊತೆ ಸೇರಿದ ತಾಲ್ಲೂಕುಗಳು ಇವೇ. ಜಿಲ್ಲೆಯ ಹೆಸರು ಹಂಪಿಯದು. ಆದರೆ ಈ ಐದು ತಾಲ್ಲೂಕುಗಳ ಎಷ್ಟೋ ಮಕ್ಕಳಿಗೆ ಹಂಪಿ ಎಂದರೆ ಶಾಲಾ ಪ್ರವಾಸದ ಒಂದು ದಿನ, ಇಲ್ಲವೇ ಹೊಸಪೇಟೆಗೆ ಆಸ್ಪತ್ರೆಗೋ ಕೋರ್ಟಿಗೋ ಹೋದಾಗ ಉಳಿದ ಅರ್ಧ ದಿನ.

ನೆಂಟಸ್ತಿಕೆ ಮಾತ್ರ ಹಳೆಯದು. ಹಡಗಲಿಯ ಹೂವು ವಿಜಯನಗರದ ದೇವರ ಮುಡಿಗೆ ಹೊಳೆಯ ದಾರಿಯಲ್ಲಿ ದೋಣಿಯೇರಿ ಹೋಗುತ್ತಿತ್ತು, ಅದಕ್ಕೇ ಊರಿಗೆ ಹೂವಿನಹಡಗಲಿ ಎಂಬ ಹೆಸರು ಬಂತು ಎಂದು ಜನ ಹೇಳುತ್ತಾರೆ. ಮಾತು ಎಷ್ಟು ನಿಜವೋ, ಹಡಗಲಿ ಮಲ್ಲಿಗೆಯ ಕಂಪಂತೂ ನಿಜ. ಮೈಸೂರು ಮತ್ತು ಉಡುಪಿ ಮಲ್ಲಿಗೆಗಳ ಹಾಗೆ ಇದಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ.

ದೂರದ ದೇಶಗಳಲ್ಲಿ ದೊಡ್ಡ ಪ್ರವಾಸಿ ಹಡಗುಗಳು ಬಂದರಿಗೆ ಬಂದು ಆರೇಳು ತಾಸು ನಿಲ್ಲುತ್ತವೆ. ಅಷ್ಟರೊಳಗೆ ಇಳಿದು, ಊರು ನೋಡಿ, ಸೀಟಿ ಊದುವ ಮೊದಲು ಹತ್ತಬೇಕು. ಗ್ರೀಸ್ ದೇಶದ ಕವಾಲ ಎಂಬ ಬಂದರಿನಲ್ಲಿ ಹೀಗೆ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಊರ ನಡುವೆ ನಿಂತ ಕಮಾನುಗಳ ಸಾಲು. ಅದು ತುರ್ಕಿಯ ಆಟೊಮನ್ ಸುಲ್ತಾನರ ಕಾಲದ ಮೇಲ್ಗಾಲುವೆ. ಅದಕ್ಕಾಗಿ ಹಡಗು ಹತ್ತುವ ಶಕ್ತಿ ನಮ್ಮ ಕಡೆಯ ಎಷ್ಟು ಮಂದಿಗಿದೆ? ಆದರೆ ಬಸ್ಸು ಹತ್ತಿದರೆ ಅದೇ ಕಾಲದ ಇನ್ನೊಂದು ಮೇಲ್ಗಾಲುವೆ ಮನೆಯ ಹಿತ್ತಲಲ್ಲೇ ಇದೆ. ಅದನ್ನು ನೋಡಲು ಬೇಕಾದದ್ದೂ ಅಷ್ಟೇ ಆರೇಳು ತಾಸು.

ನೀರಿನ ಹಿಂದೆ ಹೆಜ್ಜೆ

ಮೇಲ್ಗಾಲುವೆಯನ್ನು ಸರಿಯಾಗಿ ನೋಡಬೇಕೆಂದರೆ ಅದರ ತುದಿಯಿಂದ ಶುರು ಮಾಡಬೇಕು, ಆಮೇಲೆ ನೀರು ಬಂದ ದಾರಿಯನ್ನು ಹಿಂದಕ್ಕೆ ಹುಡುಕುತ್ತ ಹೋಗಬೇಕು. ಮಕ್ಕಳಿಗೆ ಇದು ಪತ್ತೇದಾರಿ ಕೆಲಸದ ಹಾಗೆ ಇಷ್ಟವಾಗುತ್ತದೆ.

ತುದಿಯಲ್ಲಿರುವುದು ಮೆಟ್ಟಿಲುಗಳ ಪುಷ್ಕರಣಿ. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಹೊರಬಂದ ಈ ಚೌಕ ಹೊಂಡದ ಒಂದೊಂದು ಬದಿಯೂ ಸುಮಾರು 22 ಮೀಟರ್, ಆಳ ಸುಮಾರು 7 ಮೀಟರ್. ಐದು ಅಂತಸ್ತುಗಳಲ್ಲಿ ಪುಟ್ಟ ಪುಟ್ಟ ಮೆಟ್ಟಿಲುಗಳು ಗಣಿತದ ಚಿತ್ರದಂತೆ ಇಳಿಯುತ್ತವೆ. ಸುತ್ತಲಿನ ಬೂದು ಬಂಡೆಗಳಿಗೂ ಇದರ ಕಪ್ಪು ಛಾಯೆಯ ನುಣುಪು ಕಲ್ಲಿಗೂ ಸಂಬಂಧವಿಲ್ಲ. ಕಲ್ಲುಗಳ ಮೇಲೆ ಕಲ್ಲುಕುಟಿಗರು ಕೊರೆದ ಸಣ್ಣ ಗುರುತುಗಳಿವೆ. ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಕಲ್ಲು ಎಂಬ ಲೆಕ್ಕ ಅದು. ಬೇರೆ ಕಡೆ ಕೆತ್ತಿ, ಗುರುತು ಹಾಕಿ, ಇಲ್ಲಿ ತಂದು ಜೋಡಿಸಿದ ಕೆಲಸ ಇದು. ಇಂದಿನ ಮಕ್ಕಳು ಪೆಟ್ಟಿಗೆಯೊಳಗಿನ ಆಟಿಕೆಯ ತುಂಡುಗಳನ್ನು ನಂಬರು ನೋಡಿ ಜೋಡಿಸುವ ಹಾಗೆ!

ಪುಷ್ಕರಣಿಯ ಕಡೆಗೆ ಬರುವ ಕಲ್ಲುದೋಣಿಗಳ ಸಾಲನ್ನು ಹಿಂದಕ್ಕೆ ಹಿಂಬಾಲಿಸಿದರೆ ಕಂಬಗಳ ಎತ್ತರ ಒಂದೇ ಸಮ ಇಲ್ಲದಿರುವುದು ಕಾಣುತ್ತದೆ. ನೆಲ ತಗ್ಗಿದಲ್ಲಿ ಕಂಬ ಉದ್ದ, ನೆಲ ಏರಿದಲ್ಲಿ ಗಿಡ್ಡ. ಕಂಬಗಳ ಉದ್ದ ಬದಲಾದರೂ ನೆತ್ತಿಯ ಗೆರೆ ಬದಲಾಗುವುದಿಲ್ಲ. ಮೇಲ್ಗಾಲುವೆಯ ಎಲ್ಲ ವಿದ್ಯೆಯೂ ಇದೊಂದು ಮಾತಿನಲ್ಲಿದೆ: ನೆಲ ಏನಾದರೂ ಮಾಡಲಿ, ನೀರಿನ ಮಟ್ಟ ಕೆಡಬಾರದು.

ಈ ಆವರಣಕ್ಕೆ ನೀರು ಕಮಲಾಪುರ ಕೆರೆಯ ಕಡೆಯಿಂದ ಬರುತ್ತಿತ್ತು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕಮಲಾಪುರ ಕೆರೆಗೆ ನೀರು ತರುವುದು ರಾಯ ಕಾಲುವೆ. ರಾಯ ಕಾಲುವೆಗೆ ಮೂಲ ತುಂಗಭದ್ರೆ. ಹೊಳೆಗೆ ಅಡ್ಡಲಾಗಿ ದೊಡ್ಡ ಕಲ್ಲುಗಳನ್ನು ಪೇರಿಸಿ ಕಟ್ಟಿದ ತಗ್ಗಿನ ಒಡ್ಡುಗಳಿಂದ ಅಂದಿನ ಕಾಲುವೆಗಳು ಹೊರಡುತ್ತಿದ್ದವು. ಹೊಳೆಯಿಂದ ಒಡ್ಡು, ಒಡ್ಡಿನಿಂದ ಕಾಲುವೆ, ಕಾಲುವೆಯಿಂದ ಕೆರೆ, ಕೆರೆಯಿಂದ ಮೇಲ್ಗಾಲುವೆ, ಅಲ್ಲಿಂದ ಹೊಂಡ, ಸ್ನಾನದ ಕೊಳ, ಸಣ್ಣ ತೊಟ್ಟಿ. ಮಕ್ಕಳು ಈ ಸರಪಣಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಇತಿಹಾಸದ ಪಾಠವೂ ಆಯಿತು, ಭೂಗೋಳದ ಪಾಠವೂ ಆಯಿತು.

ನೆಲದ ಮೇಲೆ ಅಲ್ಲಲ್ಲಿ ಒಡೆದು ಬಿದ್ದ ಸುಟ್ಟ ಮಣ್ಣಿನ ಕೊಳವೆಗಳು, ಗಾರೆ ಮೆತ್ತಿದ ಸಣ್ಣ ತೋಡುಗಳು ಕೂಡ ಸಿಕ್ಕಿವೆ. ಹಂಪಿಯಲ್ಲೇ ‘ಭೋಜನಶಾಲೆ’ ಎಂದು ಕರೆಯುವ ಒಂದು ಜಾಗವಿದೆ. ತಟ್ಟೆಗಳ ಹಾಗೆ ಕೊರೆದ ಕಲ್ಲುಗಳ ಎರಡು ಸಾಲು, ನಡುವೆ ಹರಿಯುವ ನೀರಿನ ತೋಡು. ಊಟಕ್ಕೆ ಕೂತವರ ಕೈಯಳತೆಯಲ್ಲೇ ನೀರು!

ಒಂದು ಗೇಣಿನ ಲೆಕ್ಕ

ನೀರು ತಾನಾಗಿ ಹರಿಯಬೇಕಾದರೆ ಇಳಿಜಾರು ಬೇಕು. ಆದರೆ ಎಷ್ಟು? ಹೆಚ್ಚಾದರೆ ನೀರು ರಭಸದಿಂದ ಓಡಿ ಗಾರೆಯನ್ನೂ ಕಲ್ಲಿನ ಸಂದಿಯನ್ನೂ ತಿನ್ನುತ್ತದೆ; ಬೇಗನೆ ತಗ್ಗಿಗಿಳಿದು ಬೇಕಾದ ಎತ್ತರಕ್ಕೆ ಮುಟ್ಟುವುದೇ ಇಲ್ಲ. ಕಡಿಮೆಯಾದರೆ ನಿಂತು ಹೂಳು ಕಟ್ಟುತ್ತದೆ. ಈ ಎರಡರ ನಡುವಿನ ಹದವೇ ಕಾಲುವೆ ಕಟ್ಟುವವನ ಕೈಚಳಕ.

ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ಇಂದಿನ ಫ್ರಾನ್ಸಿನ ನೀಮ್ ಎಂಬ ಊರಿಗೆ ಸುಮಾರು 50 ಕಿಲೋಮೀಟರ್ ಉದ್ದದ ಕಾಲುವೆ ತಂದರು. ದಾರಿಯಲ್ಲಿ ಒಂದು ನದಿ ದಾಟಲು ಕಟ್ಟಿದ ಮೂರಂತಸ್ತಿನ ಕಮಾನು ಸೇತುವೆ ಸುಮಾರು 49 ಮೀಟರ್ ಎತ್ತರ. ಅಷ್ಟು ದೂರದ ಕಾಲುವೆಯ ಒಟ್ಟು ಇಳಿತ ಮಾತ್ರ 13 ಮೀಟರಿಗೂ ಕಡಿಮೆ. ಭಾಗಾಕಾರ ಮಾಡಿ ನೋಡಿ: ಒಂದು ಕಿಲೋಮೀಟರಿಗೆ ಸರಾಸರಿ 25 ಸೆಂಟಿಮೀಟರ್. ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು! ಮನೆಯಿಂದ ಒಂದು ಕಿಲೋಮೀಟರ್ ದೂರದ ಶಾಲೆಗೆ ನಡೆಯುವ ಹುಡುಗ, ಅಷ್ಟು ದೂರದಲ್ಲಿ ನೆಲ ಒಂದು ಗೇಣು ಇಳಿದದ್ದನ್ನು ಕಂಡುಹಿಡಿಯಬಲ್ಲನೆ?

ಕಣ್ಣಿಗೆ ಕಾಣದ್ದನ್ನು ನೀರು ಹೇಳುತ್ತದೆ. ಊರಲ್ಲಿ ಮನೆ ಕಟ್ಟುವಾಗ ಗೌಂಡಿಗಳು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡು ತುದಿಯಲ್ಲಿ ಇಬ್ಬರು ಹಿಡಿದು ಮಟ್ಟ ನೋಡುವುದನ್ನು ಎಲ್ಲ ಮಕ್ಕಳೂ ಕಂಡಿರುತ್ತಾರೆ. ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಅದು ಎಂದೂ ಸುಳ್ಳು ಹೇಳುವುದಿಲ್ಲ. ಹಂಪಿಗೆ ಹೊರಡುವ ಹಿಂದಿನ ದಿನ ತಂದೆ ತಾಯಿ ಇದೊಂದನ್ನು ಅಂಗಳದಲ್ಲಿ ಮಾಡಿ ತೋರಿಸಿದರೆ, ಮರುದಿನ ಆ ಕಂಬಗಳ ಸಾಲು ಮಕ್ಕಳಿಗೆ ಬೇರೆಯಾಗಿಯೇ ಕಾಣುತ್ತದೆ.

ಕಮಾನಿನ ನಾಡು, ಕಂಬದ ನಾಡು

ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ಆಟೊಮನ್ ಸುಲ್ತಾನ ಸುಲೇಮಾನ್ ಪಟ್ಟಕ್ಕೆ ಬಂದದ್ದು 1520ರಲ್ಲಿ. ಅಂದರೆ ಒಂಬತ್ತು ವರ್ಷ ಇಬ್ಬರೂ ಒಂದೇ ಕಾಲದಲ್ಲಿ ಸಿಂಹಾಸನದ ಮೇಲಿದ್ದರು. ಕವಾಲದ ಮೇಲ್ಗಾಲುವೆ ಎದ್ದದ್ದು ಹೆಚ್ಚುಕಡಿಮೆ ಆ ಹೊತ್ತಿನಲ್ಲೇ. ಸುಮಾರು 60 ಕಮಾನುಗಳು, ಎತ್ತರವಾದಲ್ಲಿ 25 ಮೀಟರಿನಷ್ಟು. ಸುಲೇಮಾನನ ಪ್ರಸಿದ್ಧ ಶಿಲ್ಪಿ ಸಿನಾನ್ 1550ರ ದಶಕದಿಂದ ಇಸ್ತಾಂಬುಲ್ ನಗರಕ್ಕೆ ನೀರು ತರಲು ಇನ್ನೂ ದೊಡ್ಡ ಮೇಲ್ಗಾಲುವೆಗಳನ್ನು ಕಟ್ಟಿದ. ಅವುಗಳಲ್ಲಿ ಮಾಗ್ಲೋವಾ ಎಂಬುದು ಎರಡಂತಸ್ತಿನದು, ಎತ್ತರ ಸುಮಾರು 36 ಮೀಟರ್.

ಅವರದು ಕಮಾನು, ನಮ್ಮದು ಕಂಬ ಮತ್ತು ತೊಲೆ. ಸಣ್ಣ ಕಲ್ಲುಗಳನ್ನು ಬಿಲ್ಲಿನಂತೆ ಬಾಗಿಸಿ ಒಂದಕ್ಕೊಂದು ಒತ್ತಿ ನಿಲ್ಲಿಸಿದರೆ ಕಮಾನು ಭಾರವನ್ನು ಎರಡು ಬದಿಗೂ ಹಂಚುತ್ತದೆ. ಕಂಬದಿಂದ ಕಂಬಕ್ಕೆ ಅಂತರ ಹೆಚ್ಚಿಡಬಹುದು. ತೊಲೆಗಲ್ಲು ಹಾಗಲ್ಲ. ನಡುವೆ ಉದ್ದ ಹೆಚ್ಚಾದರೆ ತನ್ನ ಭಾರಕ್ಕೆ ತಾನೇ ಬಿರಿಯುತ್ತದೆ. ಆದ್ದರಿಂದಲೇ ಹಂಪಿಯ ಕಂಬಗಳು ಒತ್ತೊತ್ತಾಗಿ ನಿಂತಿವೆ. ವಿಜಯನಗರದವರಿಗೆ ಕಮಾನು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅದೇ ಊರಿನ ಕಮಲ ಮಹಲು, ಆನೆಲಾಯ ಕಮಾನುಗಳಿಂದಲೇ ಚೆಲುವಾಗಿವೆ. ಆದರೆ ಕಾಲಿಟ್ಟಲ್ಲೆಲ್ಲ ಗಟ್ಟಿ ಬಂಡೆ ಸಿಗುವ ನಾಡಿನಲ್ಲಿ, ಬಂಡೆಯನ್ನು ಉದ್ದುದ್ದ ಸೀಳುವುದರಲ್ಲಿ ಪಳಗಿದ ಕೈಗಳಿಗೆ ಕಂಬ-ತೊಲೆಯೇ ಸಲೀಸಾದ ದಾರಿ.

ಹೊಳೆಯ ಆಚೆ ದಡದ ವಿರೂಪಾಪುರ ಗಡ್ಡೆಯಲ್ಲಿ ಇನ್ನೊಂದು ದೊಡ್ಡ ಮೇಲ್ಗಾಲುವೆಯ ಅವಶೇಷವಿದೆ. ಜನ ಅದನ್ನು ಬುಕ್ಕರಾಯನ ಹೆಸರಿನಿಂದ ಕರೆಯುತ್ತಾರೆ. ಇಲ್ಲೊಂದು ಎಚ್ಚರಿಕೆಯ ಮಾತು. ವಿಜಯವಿಠ್ಠಲ ದೇವಾಲಯದ ಬಳಿ, ಪುರಂದರ ಮಂಟಪದ ಹತ್ತಿರ ಹೊಳೆಯೊಳಗೆ ಸಾಲಾಗಿ ನಿಂತ ಕಂಬಗಳನ್ನೂ ಕೆಲವರು ಮೇಲ್ಗಾಲುವೆ ಎಂದು ತೋರಿಸುವುದುಂಟು. ಅದು ನೀರಿನ ದಾರಿಯಲ್ಲ, ಜನರ ದಾರಿ. ಆನೆಗೊಂದಿ ಕಡೆಗೆ ಹೊಳೆ ದಾಟಲು ಇದ್ದ ಹಳೆಯ ಸೇತುವೆಯ ಕಾಲುಗಳು.

ಬೆವರಿನ ಲೆಕ್ಕ

ಹಂಪಿಯ ನೀರಿನ ಕಥೆಯಲ್ಲಿ ಚೆಲುವಷ್ಟೇ ಇಲ್ಲ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ರಾಜನೊಬ್ಬ ದೊಡ್ಡ ಕೆರೆ ಕಟ್ಟಿಸುವುದನ್ನು ಕಣ್ಣಾರೆ ಕಂಡ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಕೆಲಸಕ್ಕೆ ಮುತ್ತಿ, ಅವರ ಕಾಲಡಿಯ ನೆಲವೇ ಕಾಣುತ್ತಿರಲಿಲ್ಲ ಎಂಬರ್ಥದಲ್ಲಿ ಬರೆದಿದ್ದಾನೆ. ಏರಿ ಮತ್ತೆ ಮತ್ತೆ ಒಡೆಯಿತು. ನಿಲ್ಲಲಿ ಎಂದು ಮನುಷ್ಯರನ್ನು ಬಲಿ ಕೊಟ್ಟರೆಂಬ ಕಹಿ ಮಾತೂ ಆ ಬರಹದಲ್ಲಿದೆ. ಕೆಲವು ವರ್ಷಗಳ ನಂತರ ಬರೆದ ಇನ್ನೊಬ್ಬ ಪೋರ್ಚುಗೀಸ, ಕುದುರೆ ವ್ಯಾಪಾರಿ ನ್ಯೂನಿಜ್, ಈ ಕೆಲಸಕ್ಕೆ ಗೋವೆಯಿಂದ ಜೊವಾವೊ ಡೆಲ್ಲ ಪೊಂಟೆ ಎಂಬ ಕಲ್ಲುಕೆಲಸದ ನಿಪುಣ ಬಂದಿದ್ದನೆಂದು ಹೇಳುತ್ತಾನೆ. ಹೊಸಪೇಟೆಯ ಬಳಿ ಗುಡ್ಡಗಳ ನಡುವೆ ಇರುವ ರಾಯರ ಕೆರೆಯ ಏರಿಯೇ ಇದು ಎಂದು ಇತಿಹಾಸಕಾರ ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗುರುತಿಸಿದ.

ನ್ಯೂನಿಜ್ ಹೇಳುವ ಇನ್ನೊಂದು ಸಂಗತಿ ಎಲ್ಲಕ್ಕಿಂತ ಮುಖ್ಯ. ಕೆರೆಯ ನೀರು ಹಾಯುವ ಭೂಮಿಯನ್ನು ರಾಜ ಒಂಬತ್ತು ವರ್ಷ ಕಂದಾಯವಿಲ್ಲದೆ ಜನರಿಗೆ ಬಿಟ್ಟುಕೊಟ್ಟನಂತೆ. ಮೊದಲು ನೆಲ ಹದವಾಗಲಿ, ರೈತ ನೆಲೆಯೂರಲಿ, ಆಮೇಲೆ ಬೊಕ್ಕಸ. ನೀರು ತಂದರೆ ಸಾಲದು, ನೀರಿನ ಜೊತೆ ಬದುಕುವ ಜನರನ್ನೂ ನಿಲ್ಲಿಸಬೇಕೆಂಬ ತಿಳಿವಳಿಕೆ ಅದರಲ್ಲಿದೆ.

ಬತ್ತಿದ್ದು ಯಾವುದು, ಉಳಿದದ್ದು ಯಾವುದು?

1565ರಲ್ಲಿ ಯುದ್ಧ ಸೋತು ರಾಜಧಾನಿ ಹಾಳಾಯಿತು. ಅರಮನೆಯ ಜನ ಊರು ಬಿಟ್ಟರು. ಮೇಲ್ಗಾಲುವೆಯ ದೋಣಿ ಸರಿದರೆ ಕೂರಿಸುವವರಿಲ್ಲ, ಗಾರೆ ಬಿರಿದರೆ ಮೆತ್ತುವವರಿಲ್ಲ. ನೀರು ನಿಂತಿತು. ಹೊಂಡ ಮಣ್ಣಿನಲ್ಲಿ ಮುಚ್ಚಿಹೋಯಿತು. ಅಲ್ಲಿ ಹೊಂಡವಿತ್ತೆಂಬುದೇ ನಾಲ್ಕು ಶತಮಾನ ಜನರಿಗೆ ಮರೆತುಹೋಯಿತು.

ಆದರೆ ಅದೇ ಹಂಪಿಯಲ್ಲಿ, ರಾಜರ ಆವರಣ ಮತ್ತು ದೇವಾಲಯಗಳ ನಡುವಿನ ಕಣಿವೆಯಲ್ಲಿ ಇಂದಿಗೂ ಬಾಳೆ, ಕಬ್ಬು, ಭತ್ತ ಹಸಿರಾಗಿ ನಿಂತಿವೆ. ಅವಕ್ಕೆ ನೀರುಣಿಸುವುದು ವಿಜಯನಗರದ ಕಾಲದ ತುರ್ತಾ ಕಾಲುವೆ. ಶಾಸನಗಳಲ್ಲಿ ಇದಕ್ಕೆ ಹಿರಿಯ ಕಾಲುವೆ ಎಂಬ ಹೆಸರಿದೆ. ರಾಯ, ಬಸವಣ್ಣ, ಬೆಲ್ಲ, ಕಾಲಘಟ್ಟ ಮುಂತಾದ ಹಳೆಯ ಕಾಲುವೆಗಳೂ ಉಳಿದಿವೆ. ಅದೇ ಕಾಲ, ಅದೇ ಕಲ್ಲು, ಅದೇ ಹೊಳೆ. ಒಂದು ಸತ್ತಿತು, ಇನ್ನೊಂದು ಬದುಕಿತು. ಏಕೆ?

ಉತ್ತರ ಕಲ್ಲಿನಲ್ಲಿಲ್ಲ, ಜನರಲ್ಲಿದೆ. ಮೇಲ್ಗಾಲುವೆಗೆ ಒಡೆಯನಿದ್ದದ್ದು ಅರಮನೆ ಒಂದೇ. ಅರಮನೆ ಹೋಯಿತು, ನೀರೂ ಹೋಯಿತು. ಹೊಲದ ಕಾಲುವೆಗೆ ಒಡೆಯರು ಸಾವಿರ ಮಂದಿ. ರಾಜ ಯಾರೇ ಆಗಲಿ, ಬೆಳೆಗೆ ನೀರು ಬೇಕು. ಹೂಳು ತುಂಬಿದರೆ ರೈತರೇ ಸಲಿಕೆ ಹಿಡಿದು ಇಳಿಯುತ್ತಿದ್ದರು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಲು ನೀರಗಂಟಿ ಇರುತ್ತಿದ್ದ. ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ಕೆರೆ ಕಟ್ಟಿದವರಿಗೂ ಕಾಯ್ದವರಿಗೂ ಕೊಟ್ಟ ಭೂಮಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳಿವೆ. ಹೂಳು ಹೊರುವ ಕೆರೆಬಂಡಿಗೂ ಅದರ ಕೋಣಗಳಿಗೂ ದತ್ತಿ ಬಿಟ್ಟ ಶಾಸನಗಳಿವೆ. ಕಟ್ಟುವುದು ಒಮ್ಮೆಯ ಕೆಲಸ, ಕಾಯುವುದು ಪ್ರತಿ ವರ್ಷದ ಕೆಲಸ ಎಂಬುದನ್ನು ಅಂದಿನವರು ಕಲ್ಲಿನಲ್ಲಿ ಬರೆದಿಟ್ಟರು.

ನಮ್ಮೂರಿನ ಪ್ರಶ್ನೆ

ಈಗ ಬಸ್ಸು ಹತ್ತಿದ ಊರುಗಳಿಗೆ ಬರೋಣ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ ಕೆಲಸ ಶುರುವಾದದ್ದು 1945ರಲ್ಲಿ, ಮುಗಿದದ್ದು 1953ರಲ್ಲಿ. ಸುರ್ಕಿ ಗಾರೆಯಿಂದ ಕಟ್ಟಿದ 33 ತೂಬುಗೇಟುಗಳ ಈ ಕಟ್ಟೆಯ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯವರೆಗೆ ಹರಡಿದೆ. ವಿಜಯನಗರದ ಕಾಲದ ಕೆಲವು ಒಡ್ಡುಗಳೂ, ಹತ್ತಾರು ಹಳ್ಳಿಗಳೂ ಆ ನೀರಿನಲ್ಲಿ ಮುಳುಗಿದವು. ಮುಳುಗಿದ ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಇಸ್ತಾಂಬುಲ್ಲಿನ ಹೊರಗೆ ಸಿನಾನನ ಮಾಗ್ಲೋವಾದ ಬುಡವನ್ನೂ ಹೊಸ ಕಾಲದ ಅಣೆಕಟ್ಟೆಯ ನೀರು ಮುಟ್ಟಿದೆ. ಹೊಸ ನೀರು ಹಳೆಯ ನೀರಿನ ದಾರಿಯನ್ನು ನುಂಗುವುದು ಲೋಕದ ಎಲ್ಲ ಕಡೆಯ ಕಥೆ.

ಜಮೀನು ಕೊಟ್ಟ ಮೇಲ್ಸೀಮೆಗೆ ಕಾಲುವೆಯ ನೀರು ಮಾತ್ರ ಬರಲಿಲ್ಲ. ಕಾರಣ ಯಾರ ಹಗೆತನವೂ ಅಲ್ಲ, ಅದೇ ಮೇಲ್ಗಾಲುವೆಯ ಪಾಠ. ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1633 ಅಡಿ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ನೆಲ ಅದಕ್ಕಿಂತ ಎತ್ತರ. ನೀರು ತಾನಾಗಿ ಮೇಲಕ್ಕೆ ಹತ್ತುವುದಿಲ್ಲ. ಆದ್ದರಿಂದ ಕಣ್ಣಳತೆಯಲ್ಲಿ ಸಾಗರದಂಥ ಹಿನ್ನೀರಿದ್ದೂ ಈ ಕಡೆ ಮಳೆ ಕೈಕೊಟ್ಟ ವರ್ಷ ಜೋಳ, ಸಜ್ಜೆ, ಶೇಂಗಾ ಒಣಗಿದವು. ಜನ ದುಡಿಮೆ ಹುಡುಕಿ ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಗಳಿಗೋ ಗುಳೆ ಹೋದರು.

ಈಚಿನ ವರ್ಷಗಳಲ್ಲಿ ನೀರನ್ನು ಮೋಟಾರಿನಿಂದ ಎತ್ತಿ ಕೆರೆಗಳಿಗೆ ತುಂಬುವ ಯೋಜನೆಗಳು ಬಂದಿವೆ. ಕೂಡ್ಲಿಗಿ ಸೀಮೆಯ 74 ಕೆರೆಗಳ ಯೋಜನೆ ಅಂಥದ್ದು. ಹಲವು ವರ್ಷ ತುಂಬದೆ ಬರಿದಾಗಿದ್ದ ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯಕ್ಕೂ ಹಿನ್ನೀರಿನಿಂದ ನೀರು ತರುವ ಯೋಜನೆಯಾಗಿದೆ. ಕಲ್ಲುಕಂಬದ ಜಾಗದಲ್ಲಿ ಕಬ್ಬಿಣದ ಕೊಳವೆ. ಇಳಿಜಾರಿನ ಜಾಗದಲ್ಲಿ ವಿದ್ಯುತ್ತು. ಕೆಲಸ ದೊಡ್ಡದು, ಸಂತೋಷದ್ದು. ಆದರೆ ಹಂಪಿಯ ಕಂಬಗಳು ಕೇಳುವ ಪ್ರಶ್ನೆ ಇಲ್ಲೂ ಎದುರಾಗುತ್ತದೆ: ಈ ಕೊಳವೆಗೆ ಒಡೆಯರು ಯಾರು? ವಿದ್ಯುತ್ ಬಿಲ್ಲು ಕಟ್ಟುವವರಾರು, ಕೆರೆಯ ಜಾಲಿ ಕೀಳುವವರಾರು, ಹೂಳು ತೆಗೆಯುವವರಾರು? ತುಂಬಿದ ಕೆರೆಯನ್ನು ಊರು ತನ್ನದೆಂದು ತಿಳಿದರೆ ಅದು ತುರ್ತಾ ಕಾಲುವೆಯಂತೆ ಉಳಿಯುತ್ತದೆ. ‘ಸರ್ಕಾರದ್ದು’ ಎಂದು ಬಿಟ್ಟರೆ ಪುಷ್ಕರಣಿಯಂತೆ ಮಣ್ಣು ಸೇರುತ್ತದೆ.

ಎಚ್ಚರಿಕೆಯ ಗಂಟೆ ಈಗಾಗಲೇ ಬಾರಿಸಿದೆ. ಕಟ್ಟಿದಾಗ 133 ಟಿ.ಎಂ.ಸಿ. ಅಡಿಯಷ್ಟಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ತುಂಬಿದ ಜಲಾಶಯದ ನೀರು ಹೊಳೆಪಾಲಾಗುವುದನ್ನು ನಾಡೇ ಉಸಿರು ಬಿಗಿಹಿಡಿದು ನೋಡಿತು. ಹರಿವ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಲು ಸುಮಾರು ಒಂದು ವಾರ ಹಿಡಿಯಿತು. ಒಂದು ಸರಪಳಿಯ ಕೊಂಡಿ ಎಷ್ಟು ಹಳ್ಳಿಗಳ ಅನ್ನವನ್ನು ಹಿಡಿದುಕೊಂಡಿರುತ್ತದೆಂದು ಆಗ ತಿಳಿಯಿತು.

ಕಾಯ್ದರೆ ಏನಾಗುತ್ತದೆ ಎಂಬುದಕ್ಕೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೇ ಸಾಕ್ಷಿ. ಹಳೆಯ ನೀರಾವರಿ ಕೆರೆ ಅದು. ನೀರು ನಿಂತು, ಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟಿದವು, ಊರವರು ಓಡಿಸಲಿಲ್ಲ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು.

ಕೈ ತಾಗಿಸುವ ಮುನ್ನ

2019ರಲ್ಲಿ ಹಂಪಿಯ ಆನೆಲಾಯದ ಹಿಂದಿನ ದೇವಾಲಯದ ಬಳಿ ಕೆಲವು ಯುವಕರು ಕಲ್ಲುಕಂಬವನ್ನು ತಳ್ಳಿ ಉರುಳಿಸಿದ ವಿಡಿಯೊ ದೇಶವನ್ನೇ ಸುತ್ತಿತು. ನ್ಯಾಯಾಲಯ ಒಬ್ಬೊಬ್ಬರಿಗೂ 70 ಸಾವಿರ ರೂಪಾಯಿ ದಂಡ ವಿಧಿಸಿದ್ದಲ್ಲದೆ, ಬೀಳಿಸಿದ ಕಂಬಗಳನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸಿತು. ಎತ್ತುವಾಗ ಅವರಿಗೆ ಕಂಬದ ತೂಕ ತಿಳಿದಿರಬೇಕು. ಮೇಲ್ಗಾಲುವೆಯ ಕಂಬಗಳೂ ಅಷ್ಟೇ. ಅವುಗಳ ಮೇಲಿನ ದೋಣಿಗಲ್ಲು ತನ್ನ ಭಾರದಿಂದಲೇ ನಿಂತಿದೆ. ಮಕ್ಕಳು ಕಂಬಕ್ಕೆ ಒರಗುವುದು, ಮೇಲೆ ಹತ್ತಿ ನಡೆಯುವುದು ಕಲ್ಲಿಗೂ ಅಪಾಯ, ಮಕ್ಕಳಿಗೂ ಅಪಾಯ. ಕಣ್ಣಿನಿಂದ ಮುಟ್ಟಿದರೆ ಸಾಕು.

ಹೋಗುವವರಿಗೆ ಇಷ್ಟು ಸಾಕು. ಐದೂ ತಾಲ್ಲೂಕು ಕೇಂದ್ರಗಳಿಂದ ಹೊಸಪೇಟೆಗೆ ಬಸ್ಸುಗಳಿವೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳಿಂದ ಸುಮಾರು ಒಂದು ತಾಸು. ಹಡಗಲಿ, ಹರಪನಹಳ್ಳಿಗಳಿಂದ ಅದರ ಇಮ್ಮಡಿ ಎಂದು ಲೆಕ್ಕ ಹಿಡಿಯಬೇಕು. ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳು ಹರಿಹರ–ಹೊಸಪೇಟೆ ರೈಲು ಮಾರ್ಗದಲ್ಲೂ ಇವೆ. ಹೊಸಪೇಟೆಯಿಂದ ಕಮಲಾಪುರ 12 ಕಿಲೋಮೀಟರ್. ಅಲ್ಲಿನ ಪುರಾತತ್ವ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಹಂಪಿಯ ಬೆಟ್ಟ, ಹೊಳೆಗಳ ದೊಡ್ಡ ಮಾದರಿಯಿದೆ. ಮೊದಲು ಅದನ್ನು ನೋಡಿದರೆ ನೀರಿನ ದಾರಿ ತಲೆಯಲ್ಲಿ ಕೂರುತ್ತದೆ. ಶುಕ್ರವಾರ ಸಂಗ್ರಹಾಲಯಕ್ಕೆ ರಜೆ. ಪುರಾತತ್ವ ಇಲಾಖೆಯ ಟಿಕೆಟ್ ಇರುವ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ರಾಜರ ಆವರಣದಲ್ಲಿ ನೆರಳು ಕಡಿಮೆ. ಬೆಳಗಿನ ಹೊತ್ತೇ ಲೇಸು. ತಲೆಗೊಂದು ಟವೆಲ್ಲು, ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಎರಡು ಬಾಟ್ಲಿ ನೀರು ಇರಲಿ. ಮೇಲ್ಗಾಲುವೆಯಲ್ಲಿ ಈಗ ಕುಡಿಯಲು ನೀರಿಲ್ಲ!

ಮರಳಿ ಬರುವಾಗ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಗಳ ದಾರಿಯಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಡಬಹುದು. ಕಿಟಕಿಯಾಚೆ ಕಾಣುವ ಕೆರೆಗಳನ್ನು ಎಣಿಸಲಿ. ಯಾವುದರಲ್ಲಿ ನೀರಿದೆ, ಯಾವುದರಲ್ಲಿ ಜಾಲಿ ಇದೆ, ಯಾವುದರ ಏರಿ ಗಟ್ಟಿಯಿದೆ ಎಂದು ಬರೆಯಲಿ. ಊರು ತಲುಪಿದ ಮೇಲೆ ತಮ್ಮ ಊರಿನ ಕೆರೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಅಜ್ಜನನ್ನೋ ಅಜ್ಜಿಯನ್ನೋ ಕೇಳಲಿ. ಆ ದಾರಿಯಲ್ಲಿ ಈಗ ಮನೆ ಎದ್ದಿರಬಹುದು, ಹೊಲದ ಬದು ಸರಿದಿರಬಹುದು, ಹಳ್ಳ ಕಸದಲ್ಲಿ ಕಟ್ಟಿಕೊಂಡಿರಬಹುದು. ಅದನ್ನು ಗುರುತಿಸಿದ ಮಗು ಹಂಪಿಯನ್ನು ನಿಜವಾಗಿ ನೋಡಿ ಬಂದಿದೆ ಎಂದು ತಂದೆ ತಾಯಿ ಧೈರ್ಯವಾಗಿ ಹೇಳಬಹುದು.